ಪಲ್ಯ ಮುಂದ, ರೊಟ್ಟಿ ಹಿಂದ: ಸಕ್ಕರೆ ಕಾಯಿಲೆ ಇರೋ ಮನೆಯ ಬನಶಂಕರಿ ಹಬ್ಬದೂಟ

ಹಾಸ್ಟೆಲ್‌ನಲ್ಲಿ ಒಂದು ರೌಂಡ್ ಹೊಡೆದು ಕೇಳಿ ನೋಡಿ. ಹತ್ತು ರೂಮಿಗೆ ನಾಲ್ಕು ರೂಮಲ್ಲಾದರೂ ಯಾರದೋ ಅಪ್ಪನಿಗೆ, ಅವ್ವನಿಗೆ, ಅಜ್ಜಿಗೆ ಶುಗರ್ ಇದ್ದೇ ಇರುತ್ತೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ. ಈ ಸಂಖ್ಯೆ ಓದಿದಾಗ ನಮಗೆ ಏನೂ ಅನಿಸಲಿಲ್ಲ. ಆದ್ರೆ 10.1 ಕೋಟಿಯಲ್ಲಿ ಒಬ್ಬರು ನಮ್ಮ ಅಪ್ಪ ಅಂತ ಗೊತ್ತಾದ ದಿನ ಅನಿಸಿತು.

ಈ ಲೇಖನದಲ್ಲಿ "ನಾವು" ಅಂದ್ರೆ ಅಕ್ಕ ಮತ್ತು ಈ ಲೇಖನ ಟೈಪ್ ಮಾಡಿದ ತಮ್ಮ. ಈ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ನಾವಿಬ್ಬರು ಸೇರಿ ಇಡೀ ಮನೆಗೆ ಕಡಿಮೆ ಕಾರ್ಬೋಹೈಡ್ರೇಟ್‌ನ ಒಂದು ಹಬ್ಬದೂಟ ಮಾಡಿದ್ವಿ. ಅದನ್ನ ಹೇಗೆ ಲೆಕ್ಕ ಹಾಕಿದ್ವಿ, ಹೇಗೆ ಬೇಯಿಸಿದ್ವಿ, ಎಲ್ಲಿ ತಪ್ಪಿದ್ವಿ ಅಂತ ಬರೆದಿದ್ದೇವೆ. ಮುಂದಿನ ರಜೆಗೆ ಊರಿಗೆ ಹೋದಾಗ ನೀವೂ ಮಾಡಬಹುದು.

ಮೊದಲು ನಮ್ಮ ಮನೆ ಕಥೆ

ನಮ್ಮೂರು ಗುಳೇದಗುಡ್ಡ. ಅಪ್ಪ ಖಣ ನೇಯುತ್ತಾರೆ. ಕುಣಿಮಗ್ಗ ನೋಡಿದವರಿಗೆ ಗೊತ್ತು, ಕೈ ಎಷ್ಟು ಓಡುತ್ತೋ ಕಾಲೂ ಅಷ್ಟೇ ಓಡಬೇಕು. ದಿನವಿಡೀ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತಲೇ ಇರಬೇಕು. ಅಜ್ಜನೂ ಅದೇ ಮಗ್ಗದಲ್ಲಿ ಕೂತವರು. ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಕಾಲಿಗೆ ಸಣ್ಣ ಗಾಯ ಆಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ, ಗೊತ್ತಾಗೋ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಯಿತು. ಅಲ್ಲಿಗೆ ಅವರ ಮಗ್ಗ ನಿಂತಿತು. ಸಕ್ಕರೆ ಬಹಳ ವರ್ಷ ಹೆಚ್ಚೇ ಇದ್ದರೆ ಕಾಲಿನ ನರಗಳ ಸ್ಪರ್ಶ ಕಡಿಮೆ ಆಗುತ್ತೆ, ರಕ್ತ ಸಂಚಾರವೂ ಕುಗ್ಗುತ್ತೆ, ಅದಕ್ಕೇ ಗಾಯ ತಿಳಿಯೋದಿಲ್ಲ ಮತ್ತು ಮಾಯೋದಿಲ್ಲ. ಇದನ್ನ ನಾವು ಆಮೇಲೆ ಓದಿ ತಿಳಿದುಕೊಂಡದ್ದು. ಚಿಕ್ಕವರಿದ್ದಾಗ ನೋಡಿದ್ದು ಅಜ್ಜ ಮಗ್ಗದ ಮನೆ ಬಾಗಿಲಲ್ಲಿ ಸುಮ್ಮನೆ ಕೂತಿರೋದನ್ನ ಮಾತ್ರ.

2024ರ ಜನವರಿಯ ಜಾತ್ರೆಯ ಊಟ ಆದ ಎರಡು ಗಂಟೆಗೆ ಅಪ್ಪನ ಸಕ್ಕರೆ ನೋಡಿದ್ವಿ. ಗ್ಲುಕೋಮೀಟರ್‌ನಲ್ಲಿ 268 ಬಂತು. ಊಟ ಶುರು ಮಾಡಿ ಎರಡು ಗಂಟೆಗೆ 180ರ ಒಳಗೆ ಇರಬೇಕು ಅನ್ನೋದು ಹೆಚ್ಚಿನ ಮಧುಮೇಹಿಗಳಿಗೆ ಡಾಕ್ಟರ್‌ಗಳು ಹೇಳೋ ಗುರಿ. ಅಪ್ಪ ನಕ್ಕು, "ಹಬ್ಬದ ದಿನ ಅಷ್ಟ ಇರತೈತಿ ಬಿಡ್ರಿ" ಅಂದರು.

ನಮ್ಮ ಮೊದಲನೇ ಪ್ರಯೋಗ ಫೇಲ್ ಆಯಿತು

ಆ ವರ್ಷದ ದೀಪಾವಳಿಗೆ ನಾವು ತಯಾರಾಗಿ ಹೋದ್ವಿ. ವೀಡಿಯೋ ನೋಡಿ ಹೂಕೋಸನ್ನ ತುರಿದು "ಅನ್ನ" ಮಾಡಿದ್ವಿ. ಅಪ್ಪನಿಗೆ ರೊಟ್ಟಿ ಇಲ್ಲ, ಹೋಳಿಗೆ ಇಲ್ಲ. ಎಲ್ಲರ ತಟ್ಟೆಯಲ್ಲಿ ಹೋಳಿಗೆ ಮತ್ತು ತುಪ್ಪ, ಅಪ್ಪನ ತಟ್ಟೆಯಲ್ಲಿ ಹೂಕೋಸು ಮತ್ತು ಸೌತೆಕಾಯಿ. ಅಪ್ಪ ಏನೂ ಮಾತಾಡಲಿಲ್ಲ. ಅರ್ಧ ತಿಂದು ಎದ್ದರು. ಸಂಜೆ "ಕಾಕಾನ ಮನಿಗೆ ಹೋಗಿ ಬರ್ತೀನಿ" ಅಂತ ಹೋದವರು ಅಲ್ಲಿ ಮೂರು ಹೋಳಿಗೆ ತಿಂದು ಬಂದರು. ಚಿಗವ್ವ ಮರುದಿನ ಹೇಳಿದ ಮೇಲೆ ನಮಗೆ ಗೊತ್ತಾಗಿದ್ದು.

ನಾವು ಸಿಟ್ಟಾದ್ವಿ. ಆದ್ರೆ ಆಯಿ (ಅಪ್ಪನ ತಾಯಿ) ಒಂದೇ ಮಾತು ಅಂದಳು: "ಹಬ್ಬದಾಗ ಒಬ್ಬನ್ನ ಬ್ಯಾರೆ ಕುಂದರಿಸಿ ಬ್ಯಾರೆ ನೀಡಿದ್ರ, ಅಂವ ಉಣ್ಣಾಕ ಬ್ಯಾರೆ ಮನಿ ಹುಡುಕತಾನ."

ಆ ಮಾತಿನಿಂದ ನಮಗೆ ಎರಡು ಪಾಠ ಸಿಕ್ಕಿತು. ಒಂದು, ರೋಗಿಗೆ ಬೇರೆ ಅಡುಗೆ ಮಾಡಬಾರದು, ಎಲ್ಲರೂ ಅದೇ ಪಾತ್ರೆಯಿಂದ ಉಣ್ಣುವಂತೆ ಹಬ್ಬದೂಟವನ್ನೇ ಬದಲಾಯಿಸಬೇಕು. ಎರಡು, ನಮ್ಮ ಊಟದಲ್ಲಿ ಇಲ್ಲದ ಪದಾರ್ಥ ತಂದು ನಮ್ಮ ಹಬ್ಬ ಮಾಡೋಕೆ ಆಗಲ್ಲ. ಉತ್ತರ ನಮ್ಮ ಅಡುಗೆಮನೆಯಲ್ಲೇ ಹುಡುಕಬೇಕು.

ಉತ್ತರ ಬಾದಾಮಿಯಲ್ಲೇ ಇತ್ತು

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರ, ಚೊಳಚಗುಡ್ಡದ ಹತ್ತಿರ ಬನಶಂಕರಿ ದೇವಸ್ಥಾನ ಇದೆ. ಪುಷ್ಯ ಮಾಸದ ಹುಣ್ಣಿಮೆಗೆ, ಅಂದ್ರೆ ಬನದ ಹುಣ್ಣಿಮೆಗೆ ಅಲ್ಲಿ ತೇರು. ದೇವಿಯ ಇನ್ನೊಂದು ಹೆಸರು ಶಾಕಂಬರಿ. ಬರಗಾಲದಲ್ಲಿ ಜನ ಹಸಿದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆಸಿ ಲೋಕವನ್ನ ಸಾಕಿದಳು ಅನ್ನೋದು ಪುರಾಣದ ಕಥೆ. ಅದಕ್ಕೇ ಜಾತ್ರೆಯ ಮುಂಚೆ ಇಲ್ಲಿ ಪಲ್ಲೇದ ಹಬ್ಬ ನಡೆಯುತ್ತೆ. 108 ಬಗೆಯ ಕಾಯಿಪಲ್ಯದ ಅಡುಗೆ ಮಾಡಿ ದೇವಿಗೆ ನೈವೇದ್ಯ ಮಾಡ್ತಾರೆ.

ಯೋಚನೆ ಮಾಡಿ. ನಮ್ಮ ಜಿಲ್ಲೆಯ ಅಷ್ಟು ದೊಡ್ಡ ಹಬ್ಬದ ನೈವೇದ್ಯದಲ್ಲಿ ಮುಖ್ಯ ಪಾತ್ರ ಪಲ್ಯದ್ದೇ. ನಾವು ಮನೆಯಲ್ಲಿ ಅದನ್ನ ಮರೆತು ಹೋಳಿಗೆ ಮತ್ತು ಅನ್ನವನ್ನ ಹೀರೋ ಮಾಡಿ, ಪಲ್ಯವನ್ನ ಎಲೆಯ ಮೂಲೆಗೆ ತಳ್ಳಿದ್ದೇವೆ.

ದೇವಸ್ಥಾನಕ್ಕೆ ಹೋದವರು ಇನ್ನೊಂದು ನೋಡಿರ್ತೀರಿ. ಬುಟ್ಟಿ ಹೊತ್ತು ತಂದು ಊಟ ನೀಡೋ ಹೆಣ್ಣುಮಕ್ಕಳು. ರೊಟ್ಟಿ, ಪುಂಡಿ ಪಲ್ಯ, ಕಾಳು ಪಲ್ಯ, ಝುಣಕ, ಕೆಂಪು ಚಟ್ನಿ, ಗಟ್ಟಿ ಮೊಸರು. ಅವರ ಮುಂದೆ ಕೂತರೆ ಒಂದು ರೊಟ್ಟಿ ಮುಗಿಯೋದರೊಳಗೆ ಮೂರು ನಾಲ್ಕು ಪಲ್ಯ ನೀಡ್ತಾರೆ. ಅಲ್ಲಿ ರೊಟ್ಟಿ ಅಂದ್ರೆ ಪಲ್ಯ ಎತ್ತೋಕೆ ಒಂದು ಚಮಚ ಇದ್ದಂಗೆ. ನಮ್ಮ ಡಿಸೈನ್ ಅಲ್ಲಿಂದಲೇ ತಗೊಂಡ್ವಿ: ಪಲ್ಯ ಊಟ, ರೊಟ್ಟಿ ಚಮಚ.

ಲೆಕ್ಕ: ಜೋಳದ ರೊಟ್ಟಿಗೂ ಲೆಕ್ಕ ಇದೆ

ನಮ್ಮ ಕಡೆ ಎಲ್ಲರೂ ಹೇಳೋ ಮಾತು: "ಅನ್ನ ಬಿಟ್ಟು ಜ್ವಾಳದ ರೊಟ್ಟಿ ತಿಂದ್ರ ಸಕ್ಕರಿ ಬರಂಗಿಲ್ಲ." ನಾವೂ ನಂಬಿದ್ವಿ. ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಕೋಷ್ಟಕ ತೆಗೆದು ನೋಡಿದ್ವಿ. 100 ಗ್ರಾಂ ಪದಾರ್ಥದಲ್ಲಿ ನಾರು ಬಿಟ್ಟು ಉಳಿದ ಕಾರ್ಬೋಹೈಡ್ರೇಟ್ ಸುಮಾರು ಹೀಗಿದೆ:

ಬೆಲ್ಲ: 85 ಗ್ರಾಂ
ಅಕ್ಕಿ: 78 ಗ್ರಾಂ
ಜೋಳ: 68 ಗ್ರಾಂ
ಗೋಧಿ ಹಿಟ್ಟು: 64 ಗ್ರಾಂ
ಸಜ್ಜೆ: 62 ಗ್ರಾಂ
ಕಡಲೆಬೇಳೆ: 47 ಗ್ರಾಂ
ಶೇಂಗಾ: 17 ಗ್ರಾಂ
ಬದನೆಕಾಯಿ: 3ರಿಂದ 4 ಗ್ರಾಂ
ಮೆಂತ್ಯ ಸೊಪ್ಪು: 2 ಗ್ರಾಂ

ಅಕ್ಕಿಗೂ ಜೋಳಕ್ಕೂ ವ್ಯತ್ಯಾಸ ಬರೀ 10 ಗ್ರಾಂ! ಹಾಗಂತ ಜೋಳ ಅಕ್ಕಿಯಷ್ಟೇ ಅಂತ ಅಲ್ಲ. ಜೋಳದಲ್ಲಿ ನಾರು 100 ಗ್ರಾಂಗೆ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3 ಗ್ರಾಂ. ನಾರು ಹೆಚ್ಚಿದ್ದರೆ ಹೊಟ್ಟೆ ಬೇಗ ತುಂಬುತ್ತೆ. ಆದ್ರೆ "ಜೋಳ ಅಂದ್ರೆ ಫ್ರೀ" ಅಂತ ನಾಲ್ಕು ರೊಟ್ಟಿ ತಿಂದರೆ ಸಕ್ಕರೆ ಏರೇ ಏರುತ್ತೆ. ಬೆಲ್ಲದ್ದೂ ಅದೇ ಕಥೆ. "ಸಕ್ಕರಿ ಬ್ಯಾಡ, ಬೆಲ್ಲ ನಡಿತೈತಿ" ಅನ್ನೋರಿಗೆ 85 ಅನ್ನೋ ಸಂಖ್ಯೆ ತೋರಿಸಿ.

ಈಗ ಅಪ್ಪನ 2024ರ ತಟ್ಟೆ. ಅವ್ವ ನೆನಪು ಮಾಡಿಕೊಂಡು ಹೇಳಿದ್ದನ್ನ ಅಡುಗೆಮನೆಯ ತಕ್ಕಡಿಯಲ್ಲಿ ಮತ್ತೆ ತೂಗಿ ಲೆಕ್ಕ ಹಾಕಿದ್ವಿ.

ಜೋಳದ ರೊಟ್ಟಿ ಎರಡು (ಒಂದಕ್ಕೆ 50 ಗ್ರಾಂ ಹಿಟ್ಟು): 68 ಗ್ರಾಂ
ಹೂರ್ಣದ ಹೋಳಿಗೆ ಎರಡು (ಒಂದಕ್ಕೆ ಹಿಟ್ಟು 25, ಬೇಳೆ 20, ಬೆಲ್ಲ 20 ಗ್ರಾಂ): 84 ಗ್ರಾಂ
ಅನ್ನ (60 ಗ್ರಾಂ ಅಕ್ಕಿ): 47 ಗ್ರಾಂ
ಪಲ್ಯ, ಕಟ್ಟಿನ ಸಾರು ಎಲ್ಲಾ ಸೇರಿ: 15 ಗ್ರಾಂ
ಒಟ್ಟು: 214 ಗ್ರಾಂ

ನೋಡಿ, ಇದರಲ್ಲಿ 199 ಗ್ರಾಂ ರೊಟ್ಟಿ, ಹೋಳಿಗೆ, ಅನ್ನ ಮೂರರಿಂದಲೇ ಬಂದಿದೆ. ಪಲ್ಯವನ್ನ ಎರಡು ಪಟ್ಟು ಮಾಡಿದರೂ ಹೆಚ್ಚೇನೂ ಆಗಲ್ಲ, ಈ ಮೂರರಲ್ಲಿ ಕಡಿತ ಮಾಡಿದರೆ ಮಾತ್ರ ಲೆಕ್ಕ ಇಳಿಯುತ್ತೆ. ನಮ್ಮ ಗುರಿ: 100 ಗ್ರಾಂ ಒಳಗೆ ಬರಬೇಕು, ಹೊಟ್ಟೆ ತುಂಬಬೇಕು, ಹೋಳಿಗೆ ಇರಲೇಬೇಕು.

ಡಾಕ್ಟರ್ ಹತ್ತಿರ ಹೋಗದೇ ಶುರು ಮಾಡಬೇಡಿ

ಈ ಭಾಗವನ್ನ ಬಿಟ್ಟು ಓದಬೇಡಿ ಪ್ಲೀಸ್. ಅಪ್ಪ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಗುಳಿಗೆ ತಗೋತಾರೆ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಊಟ ಎಷ್ಟಿದೆ ಅಂತ ನೋಡಲ್ಲ, ದೇಹದಿಂದ ಇನ್ಸುಲಿನ್ ಬಿಡಿಸುತ್ತೆ. ಊಟದ ಕಾರ್ಬೋಹೈಡ್ರೇಟ್‌ನ ಏಕಾಏಕಿ ಅರ್ಧ ಮಾಡಿ ಗುಳಿಗೆ ಅಷ್ಟೇ ಇಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಕೈ ನಡುಕ, ಬೆವರು, ತಲೆ ಸುತ್ತು, ಗೊಂದಲ ಅದರ ಲಕ್ಷಣ. ಇನ್ಸುಲಿನ್ ಇಂಜೆಕ್ಷನ್ ತಗೊಳ್ಳೋರಿಗೂ ಇದೇ ಅಪಾಯ ಇದೆ.

ನಾವು ಹಬ್ಬಕ್ಕೆ ಎರಡು ವಾರ ಮುಂಚೆ ಅಪ್ಪನ ಜೊತೆ ಹೋಗಿ ಮೆನು ತೋರಿಸಿದ್ವಿ. ಡಾಕ್ಟರ್ ಕಿಡ್ನಿ ಪರೀಕ್ಷೆಯ ರಿಪೋರ್ಟ್ ನೋಡಿ (ಕಿಡ್ನಿ ತೊಂದರೆ ಇದ್ದವರಿಗೆ ಕಾಳು ಬೇಳೆಯ ಪ್ರಮಾಣವೂ ಬೇರೆ ಆಗುತ್ತೆ) ಈ ಊಟಕ್ಕೆ ಒಪ್ಪಿದರು. ಆ ದಿನದ ಗುಳಿಗೆ ಹೇಗೆ ತಗೋಬೇಕು ಅಂತ ಅವರೇ ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನ ಇಲ್ಲಿ ಬರೆಯಲ್ಲ, ಯಾಕಂದ್ರೆ ಅದು ಅಪ್ಪನಿಗೆ ಮಾತ್ರ ಹೇಳಿದ್ದು. ನಿಮ್ಮ ಮನೆಯವರದ್ದು ನಿಮ್ಮ ಡಾಕ್ಟರ್ ಹೇಳಬೇಕು. ಸಕ್ಕರೆ ಇಳಿದರೆ ಅಂತ ಒಂದು ಲೋಟದಲ್ಲಿ ಮೂರು ಚಮಚ ಸಕ್ಕರೆ ಹಾಕಿದ ನೀರು ತಯಾರು ಇಟ್ಟಿದ್ವಿ. ಕುಡಿದು 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಬೇಕು. ಅದು ಬೇಕಾಗಲಿಲ್ಲ.

ಮೆನು: 108 ಅಲ್ಲ, ಏಳು

2025ರಲ್ಲಿ ಬನದ ಹುಣ್ಣಿಮೆ ಜನವರಿ 13ಕ್ಕೆ ಬಂತು, ಮರುದಿನವೇ ಸಂಕ್ರಾಂತಿ. ಅತ್ತಿ, ಮಾಮಾ ಬಂದಿದ್ದರು, ಒಟ್ಟು ಎಂಟು ಜನ. 108 ಪಲ್ಯ ಮಾಡೋ ಶಕ್ತಿ ನಮಗಿಲ್ಲ. ಏಳು ಮಾಡಿದ್ವಿ: ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಕಡಲೆ ಸೊಪ್ಪಿನ ಪಲ್ಯ, ಮೊಳಕೆ ಬಂದ ಮಡಕಿ ಕಾಳು, ಝುಣಕದ ವಡಿ, ಹೀರೆಕಾಯಿ ಪಲ್ಯ, ಮೆಂತ್ಯದ ಪಚಡಿ. ಜೊತೆಗೆ ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ಒಂದು ಸಜ್ಜೆ ರೊಟ್ಟಿ, ಒಂದು ಸಣ್ಣ ಶೇಂಗಾ ಹೋಳಿಗೆ, ಕೊನೆಗೆ ಎರಡು ಚಮಚ ಮೊಸರನ್ನ.

ಮುಖ್ಯವಾದ ನಾಲ್ಕು ಅಡುಗೆಯ ವಿಧಾನ ಬರೀತೀವಿ. ಅಳತೆ ಎಂಟು ಜನಕ್ಕೆ.

ಎಣ್ಣೆಗಾಯಿ. ಸಣ್ಣ ಎಳೆ ಬದನೆಕಾಯಿ ಒಂದು ಕಿಲೋ. ತುಂಬು ಬಿಡದೆ ನಾಲ್ಕು ಸೀಳು ಮಾಡಿ ಉಪ್ಪುನೀರಲ್ಲಿ ಹಾಕಿ, ಇಲ್ಲಾಂದ್ರೆ ಕಪ್ಪಾಗುತ್ತೆ. ಹುರಿದ ಶೇಂಗಾ ಪುಡಿ 100 ಗ್ರಾಂ, ಹುರಿದ ಗುರೆಳ್ಳು ಪುಡಿ ಎರಡು ಚಮಚ, ಎಳ್ಳು ಒಂದು ಚಮಚ, ಸಣ್ಣಗೆ ಹೆಚ್ಚಿದ ಎರಡು ಉಳ್ಳಾಗಡ್ಡಿ, ಜಜ್ಜಿದ ಬಳ್ಳೊಳ್ಳಿ, ಮಸಾಲೆ ಖಾರ ಎರಡು ಚಮಚ, ಅರಿಷಿಣ, ಉಪ್ಪು, ಸ್ವಲ್ಪ ಹುಣಸೆರಸ, ಕೊತ್ತಂಬರಿ ಎಲ್ಲಾ ಕಲಸಿ ಒತ್ತಿ ತುಂಬಿ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು. ಬದನೆಕಾಯಿ ಇಟ್ಟು ಉಳಿದ ಮಸಾಲೆ ಮೇಲೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಮುಚ್ಚಳದ ಮೇಲೆ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಅವ್ವ ಯಾವಾಗಲೂ ಒಂದು ಚೂರು ಬೆಲ್ಲ ಮತ್ತು ಎರಡು ಆಲೂಗಡ್ಡೆ ಹಾಕ್ತಾಳೆ. ನಾವು ಎರಡನ್ನೂ ಬಿಟ್ವಿ. ಯಾರಿಗೂ ಗೊತ್ತಾಗಲಿಲ್ಲ, ಅವ್ವನಿಗೆ ಬಿಟ್ಟು.

ಪುಂಡಿ ಪಲ್ಯ. ನಾಲ್ಕು ಕಟ್ಟು ಪುಂಡಿ ಸೊಪ್ಪು ತೊಳೆದು ಹೆಚ್ಚಿ ಬೇಯಿಸಿ, ಹುಳಿ ಜಾಸ್ತಿ ಅನಿಸಿದರೆ ಆ ನೀರು ಚೆಲ್ಲಿ. ರೂಢಿಯಲ್ಲಿ ಇದಕ್ಕೆ ಒಂದು ಬಟ್ಟಲು ಜೋಳದ ನುಚ್ಚು ಹಾಕ್ತಾರೆ. ನಾವು ನುಚ್ಚು ಎರಡೇ ಚಮಚ ಹಾಕಿ, ಕಾಲು ಬಟ್ಟಲು ತೊಗರಿಬೇಳೆ ಮತ್ತು ಒಂದು ಹಿಡಿ ನೆನೆಸಿದ ಶೇಂಗಾ ಸೇರಿಸಿದ್ವಿ. ಬೇಳೆ, ನುಚ್ಚು ಬೆಂದ ಮೇಲೆ ಸೊಪ್ಪು ಹಾಕಿ ಮಸೆಯಿರಿ. ಹಸಿಮೆಣಸಿನಕಾಯಿ ಎಂಟು, ಬಳ್ಳೊಳ್ಳಿ ಒಂದು ಗಡ್ಡೆ ಜಜ್ಜಿ ಒಗ್ಗರಣೆ. ಮರುದಿನ ಇನ್ನೂ ರುಚಿ.

ಝುಣಕದ ವಡಿ. ಕಡಲೆಹಿಟ್ಟು 200 ಗ್ರಾಂ, ಬಟ್ಟಲಲ್ಲಿ ಅಳೆದರೆ ಸುಮಾರು ಎರಡು ಬಟ್ಟಲು. ಒಗ್ಗರಣೆಗೆ ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಅರಿಷಿಣ. ಮೂರೂವರೆ ಬಟ್ಟಲು ನೀರು, ಉಪ್ಪು, ಸ್ವಲ್ಪ ಹುಣಸೆರಸ ಹಾಕಿ ಕುದಿಸಿ. ಒಬ್ಬರು ಹಿಟ್ಟು ಉದುರಿಸಬೇಕು, ಇನ್ನೊಬ್ಬರು ಬಿಡದೆ ತಿರುವಬೇಕು. ಒಬ್ಬರೇ ಮಾಡಿದರೆ ಗಂಟಾಗುತ್ತೆ, ನಾವು ಅನುಭವದಿಂದ ಹೇಳ್ತಿದ್ದೀವಿ. ಮುಚ್ಚಿ ಬೇಯಿಸಿ, ಎಣ್ಣೆ ಸವರಿದ ತಟ್ಟೆಗೆ ಸುರಿದು ತಟ್ಟಿ, ಮೇಲೆ ಕೊಬ್ಬರಿ ತುರಿ, ಕೊತ್ತಂಬರಿ ಉದುರಿಸಿ ವಡಿ ಕೊಯ್ಯಿರಿ. ಕಡಲೆಬೇಳೆಯಲ್ಲಿ 100 ಗ್ರಾಂಗೆ ಸುಮಾರು 21 ಗ್ರಾಂ ಪ್ರೋಟೀನ್ ಇದೆ, ಹಾಗಾಗಿ ಎರಡು ವಡಿ ತಿಂದರೆ ಎರಡನೇ ರೊಟ್ಟಿ ನೆನಪಾಗಲ್ಲ.

ಶೇಂಗಾ ಹೋಳಿಗೆ. ಇದಕ್ಕೇ ನಾವು ಬಹಳ ತಲೆ ಕೆಡಿಸಿಕೊಂಡಿದ್ದು. ಹೂರ್ಣದಲ್ಲಿ ಬೇಳೆಯೂ ಕಾರ್ಬೋಹೈಡ್ರೇಟ್, ಬೆಲ್ಲವೂ ಕಾರ್ಬೋಹೈಡ್ರೇಟ್. ಕಡಲೆಬೇಳೆ ಜಾಗಕ್ಕೆ ಶೇಂಗಾ ಬಂದರೆ 47 ಇದ್ದದ್ದು 17 ಆಗುತ್ತೆ. ಶೇಂಗಾ ಹೋಳಿಗೆ ನಮ್ಮ ಕಡೆಯ ಹಳೆ ಅಡುಗೆಯೇ, ಹೊಸದೇನಲ್ಲ. ಒಂದು ಹೋಳಿಗೆಗೆ ಗೋಧಿ ಹಿಟ್ಟು 15 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ ಪುಡಿ 20 ಗ್ರಾಂ, ಬೆಲ್ಲ 12 ಗ್ರಾಂ, ಏಲಕ್ಕಿ, ಸ್ವಲ್ಪ ಹುರಿದ ಎಳ್ಳು. ಸಾಮಾನ್ಯವಾಗಿ ಶೇಂಗಾದಷ್ಟೇ ಬೆಲ್ಲ ಹಾಕ್ತಾರೆ, ನಾವು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಬೆಲ್ಲ ಕಡಿಮೆ ಆದ್ರೆ ಹೂರ್ಣ ಪುಡಿಪುಡಿ ಆಗುತ್ತೆ, ಮೊದಲ ನಾಲ್ಕು ಹೋಳಿಗೆ ಒಡೆದು ಹೆಂಚಿನ ಮೇಲೆಲ್ಲಾ ಚೆಲ್ಲಿದವು. ಅವ್ವ ಎರಡು ಚಮಚ ಬಿಸಿನೀರು ಚಿಮುಕಿಸಿ ಮುಷ್ಟಿ ಕಟ್ಟಿ ತೋರಿಸಿದಳು, ಆಮೇಲೆ ಸರಿಯಾಯಿತು. ಒಂದಕ್ಕೆ ಸುಮಾರು 23 ಗ್ರಾಂ ಕಾರ್ಬೋಹೈಡ್ರೇಟ್, ಹಳೆ ಹೋಳಿಗೆಯಲ್ಲಿ 42 ಇತ್ತು. ಎಚ್ಚರ: ಶೇಂಗಾದಲ್ಲಿ ಕೊಬ್ಬು ಜಾಸ್ತಿ, 100 ಗ್ರಾಂಗೆ ಸುಮಾರು 40 ಗ್ರಾಂ. ಕಾರ್ಬೋಹೈಡ್ರೇಟ್ ಕಡಿಮೆ ಅಂತ ಐದು ತಿಂದರೆ ತೂಕ ಏರುತ್ತೆ.

ಉಳಿದವು ಸುಲಭ. ಕಡಲೆ ಸೊಪ್ಪು ಜನವರಿಯಲ್ಲಿ ಎರಿ ಹೊಲದಲ್ಲಿ ಎಳೆಯದಾಗಿ ಸಿಗುತ್ತೆ, ಚಿವುಟಿ ತಂದು ಬಳ್ಳೊಳ್ಳಿ ಒಗ್ಗರಣೆ ಹಾಕಿದರೆ ಮುಗಿಯಿತು. ಮೆಂತ್ಯದ ಎಳೆ ಎಲೆ, ಸೌತೆಕಾಯಿ, ಉಳ್ಳಾಗಡ್ಡಿ ಹಸಿಯಾಗಿ ಹೆಚ್ಚಿ ಶೇಂಗಾ ಪುಡಿ, ಮೊಸರು, ಉಪ್ಪು ಬೆರೆಸಿದರೆ ಪಚಡಿ. ಹಕ್ಕರಕಿ ಸೊಪ್ಪು ಸಿಕ್ಕರೆ ಅದನ್ನೂ ಸೇರಿಸಿ. ಸಜ್ಜೆ ರೊಟ್ಟಿಗೆ ಕುದಿಯೋ ಎಸರು ಹಾಕಿ ಹಿಟ್ಟು ಚೆನ್ನಾಗಿ ನಾದಬೇಕು, ಒಂದಕ್ಕೆ 40 ಗ್ರಾಂ ಹಿಟ್ಟು, ತೆಳ್ಳಗೆ ತಟ್ಟಿ ಮೇಲೆ ಎಳ್ಳು ಒತ್ತಬೇಕು. ತೆಳ್ಳಗೆ ತಟ್ಟೋದರಿಂದ 40 ಗ್ರಾಂ ರೊಟ್ಟಿ ನೋಡೋಕೆ 50 ಗ್ರಾಂನಷ್ಟೇ ದೊಡ್ಡದು ಕಾಣುತ್ತೆ. ಇದನ್ನ ಮಾಡಿದ್ದು ಆಯಿ. ನಾವು ತಟ್ಟಿದ್ದು ಭಾರತದ ನಕಾಶೆ ಆಯಿತು.

ಹೊಸ ತಟ್ಟೆಯ ಲೆಕ್ಕ:

ಸಜ್ಜೆ ರೊಟ್ಟಿ ಒಂದು: 25 ಗ್ರಾಂ
ಶೇಂಗಾ ಹೋಳಿಗೆ ಒಂದು: 23 ಗ್ರಾಂ
ಮೊಸರನ್ನ (15 ಗ್ರಾಂ ಅಕ್ಕಿ): 12 ಗ್ರಾಂ
ಝುಣಕ, ಕಾಳು, ಎಲ್ಲಾ ಪಲ್ಯ, ಪಚಡಿ: 35 ಗ್ರಾಂ
ಒಟ್ಟು: 95 ಗ್ರಾಂ

214 ಇದ್ದದ್ದು 95. ಅರ್ಧಕ್ಕಿಂತ ಕಡಿಮೆ. ಪಲ್ಯದ್ದು 15 ಇದ್ದದ್ದು 35 ಆಗಿದೆ ನೋಡಿ, ಹೊಟ್ಟೆ ತುಂಬಿಸಿದ್ದು ಅದೇ.

ನೀಡೋ ಕ್ರಮವೂ ಮುಖ್ಯ

2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಟೈಪ್ 2 ಮಧುಮೇಹ ಇರೋ 11 ಜನರಿಗೆ ಒಂದೇ ಊಟವನ್ನ ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ಒಂದು ದಿನ ಮೊದಲು ಬ್ರೆಡ್ಡು, ಜ್ಯೂಸು, ಆಮೇಲೆ ತರಕಾರಿ, ಕೋಳಿ. ಇನ್ನೊಂದು ದಿನ ಉಲ್ಟಾ. ತರಕಾರಿ, ಪ್ರೋಟೀನ್ ಮೊದಲು ತಿಂದ ದಿನ ಒಂದು ಗಂಟೆಯ ಸಕ್ಕರೆ ಸುಮಾರು 37 ಪರ್ಸೆಂಟ್ ಕಡಿಮೆ ಇತ್ತು. 11 ಜನ ಅಂದ್ರೆ ಸಣ್ಣ ಪ್ರಯೋಗವೇ, ಆದ್ರೆ ನಾವು ಮಾಡಿ ನೋಡೋಕೆ ಖರ್ಚೇನಿಲ್ಲ.

ನಮ್ಮಲ್ಲಿ ಹಬ್ಬದ ದಿನ ಮೊದಲು ಹೋಳಿಗೆ ನೀಡೋದು ರೂಢಿ. ಅದನ್ನ ಬದಲಾಯಿಸಬೇಕು ಅಂದಾಗ ಅವ್ವ ಒಪ್ಪಲಿಲ್ಲ. "ದೇವರ ಎಲಿಗೆ ಮೊದಲ ಸಿಹಿ ನೀಡಬೇಕು" ಅಂದಳು. ಸರಿ, ದೇವರ ಎಲೆಗೆ ಮೊದಲು ಹೋಳಿಗೆ ಇಟ್ವಿ. ನಮ್ಮ ಎಲೆಗಳಿಗೆ ಮೊದಲು ಪಚಡಿ, ಕಾಳು, ಝುಣಕ, ಪಲ್ಯಗಳು. ಹತ್ತು ನಿಮಿಷ ಆದ ಮೇಲೆ ಬಿಸಿ ರೊಟ್ಟಿ. ಕೊನೆಗೆ ಹೋಳಿಗೆ ಮತ್ತು ಒಂದು ಚಮಚ ತುಪ್ಪ. ಎಂಟೂ ಎಲೆಗೆ ಇದೇ ಕ್ರಮ. ಮಾಮಾ ಮಾತ್ರ "ರೊಟ್ಟಿ ಎಲ್ಲೈತ್ಯೋ?" ಅಂತ ಮೂರು ಸಲ ಕೇಳಿದರು. ಬೇಕಾದವರಿಗೆ ಎರಡನೇ ರೊಟ್ಟಿ ಇತ್ತು. ಮಾಮಾ ಎರಡು ತಿಂದರು, ಅಪ್ಪ ಒಂದು.

ಏನಾಯಿತು?

ಊಟಕ್ಕೆ ಮುಂಚೆ ಅಪ್ಪನ ಸಕ್ಕರೆ 138 ಇತ್ತು. ಎರಡು ಗಂಟೆ ಆದ ಮೇಲೆ 171.

ಇಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಇದು ಒಬ್ಬ ಮನುಷ್ಯನ ಒಂದು ದಿನದ ರೀಡಿಂಗ್. ಒಂದು ವರ್ಷದಲ್ಲಿ ಅಪ್ಪನ ಗುಳಿಗೆ ಬದಲಾಗಿದೆ, ಊಟ ಆದ ಮೇಲೆ ಅರ್ಧ ಗಂಟೆ ಅಡ್ಡಾಡಿದರು, ಅದೂ ಸಹಾಯ ಮಾಡಿರುತ್ತೆ. 268 ಇದ್ದದ್ದು 171 ಆಗಿದ್ದಕ್ಕೆ ನಮ್ಮ ಪಲ್ಯವೇ ಪೂರ್ತಿ ಕಾರಣ ಅಂತ ಹೇಳೋಕೆ ಬರಲ್ಲ. ಒಂದು ಹಬ್ಬದಿಂದ ಕಾಲು ಉಳಿಯಲ್ಲ, ವರ್ಷದ ಉಳಿದ ದಿನಗಳೂ ಲೆಕ್ಕಕ್ಕೆ ಬರ್ತವೆ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಪರೀಕ್ಷೆಯನ್ನ ಏಪ್ರಿಲ್‌ನಲ್ಲಿ ಮಾಡಿಸ್ತೀವಿ.

ಆದ್ರೆ ಮೀಟರ್‌ನಲ್ಲಿ ಬರದ ಒಂದು ರಿಸಲ್ಟ್ ಇದೆ. ಆ ಸಂಜೆ ಅಪ್ಪ ಕಾಕಾನ ಮನೆಗೆ ಹೋಗಲಿಲ್ಲ. ಕಾಕಾನೇ ನಮ್ಮ ಮನೆಗೆ ಬಂದು ಉಳಿದ ಎಣ್ಣೆಗಾಯಿ ಖಾಲಿ ಮಾಡಿದರು. ಅವರಿಗೂ ಹೋದ ವರ್ಷ ಶುಗರ್ ಬಂದಿದೆ.

ರಾತ್ರಿ ಆಯಿ ಒಂದು ವಿಷಯ ಹೇಳಿದಳು. "ನಮ್ಮ ಕಾಲದಾಗ ಹೋಳಿಗಿ ಅಂದ್ರ ವರ್ಷಕ್ಕ ಮೂರೋ ನಾಕೋ ಸಲ. ಉಳಿದ ದಿನ ರೊಟ್ಟಿ, ಪಲ್ಯ, ಹಿಂಡಿ, ಮಜ್ಜಗಿ. ಈಗ ಯಾರರ ಬಂದ್ರೂ ಹೋಳಿಗಿ, ಬರಲಿಲ್ಲಂದ್ರೂ ಚಾದಾಗ ಸಕ್ಕರಿ." ನಮ್ಮ ಸ್ಪ್ರೆಡ್‌ಶೀಟ್ ಹೇಳೋಕೆ ಅರ್ಧ ದಿನ ತಗೊಂಡಿದ್ದನ್ನ ಆಯಿ ಎರಡು ವಾಕ್ಯದಲ್ಲಿ ಹೇಳಿದಳು.

ನೀವು ಮಾಡೋದಾದರೆ

1. ಮೊದಲು ಡಾಕ್ಟರ್ ಹತ್ತಿರ ಮೆನು ತೋರಿಸಿ. ಗುಳಿಗೆ, ಇನ್ಸುಲಿನ್ ಪ್ರಮಾಣ ನೀವೇ ಬದಲಾಯಿಸಬೇಡಿ.
2. ಹಳೆ ತಟ್ಟೆ ತೂಗಿ. ಎಲ್ಲಿಂದ ಎಷ್ಟು ಬರ್ತಿದೆ ಅಂತ ಗೊತ್ತಾಗದೆ ಏನನ್ನೂ ಕಡಿಮೆ ಮಾಡಬೇಡಿ.
3. ನಿಮ್ಮೂರಿನ ಹಳೆ ಅಡುಗೆಯಲ್ಲೇ ಹುಡುಕಿ. ಮಂಗಳೂರಿನವರಿಗೆ ಬಸಳೆ, ಮೀನು ಇರಬಹುದು, ಹಾಸನದವರಿಗೆ ಅವರೆಕಾಳು, ಬಸ್ಸಾರು ಇರಬಹುದು.
4. ಸಿಹಿ ಪೂರ್ತಿ ತೆಗೆಯಬೇಡಿ. ಸಣ್ಣದು ಮಾಡಿ, ಕೊನೆಗೆ ನೀಡಿ.
5. ಎಲ್ಲರಿಗೂ ಅದೇ ಊಟ ನೀಡಿ. ಇದೊಂದು ತಪ್ಪಿದರೆ ಮೇಲಿನ ನಾಲ್ಕೂ ಕೆಲಸಕ್ಕೆ ಬರಲ್ಲ.
6. ಅವ್ವನನ್ನ ಮೊದಲ ದಿನದಿಂದಲೇ ಟೀಮ್‌ಗೆ ಸೇರಿಸಿಕೊಳ್ಳಿ. ಅಡುಗೆಮನೆಯ ಪ್ರಾಜೆಕ್ಟ್ ಗೈಡ್ ಅವಳೇ.

ಜಾತ್ರೆಯ ಮರುದಿನ ಸಂಕ್ರಾಂತಿ ಮುಗಿಸಿ ಬಾಗಲಕೋಟೆಗೆ ಬಸ್ ಹತ್ತೋ ಮುಂಚೆ ಮಗ್ಗದ ಮನೆಗೆ ಹೋದ್ವಿ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅಕ್ಕ ಮೊಬೈಲ್ ಟಾರ್ಚ್ ಹಿಡಿದು ಎರಡೂ ಪಾದ ನೋಡಿದಳು, ದಿನಾ ನೋಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಗಾಯ ಏನೂ ಇರಲಿಲ್ಲ. "ಮುಂದಿನ ಸಲ ಹೋಳಿಗಿ ಎರಡು ಕೊಡ್ರಿ" ಅಂದರು ಅಪ್ಪ. "ಒಂದೂವರೆ" ಅಂದ್ವಿ. ಚರ್ಚೆ ನಡೀತಾ ಇದೆ.